ನಾಲ್ಕು ಎರಿಯ ಸಂಸಾರಕ್ಕೆ ಏಳು ಎರಿಯ ಮನೆ

ಮೊದಲ ವರ್ಷ ನಾನು ತಂದ ಜೇನು ನಮ್ಮ ತೋಟದಲ್ಲಿ ನಿಂತದ್ದು ಮೂರೇ ದಿನ. ಡಿಸೆಂಬರ್ ಸಂಜೆ ಮೂಡಿಗೆರೆ ಕಡೆಯಿಂದ ಜೇನು ಕಟ್ಟಿದ ಮೇಣದ ನಾಲ್ಕು ತಟ್ಟೆ, ಅಂದರೆ ನಾಲ್ಕು ಎರಿ ಇದ್ದ ಚಿಕ್ಕ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಬಂದೆ. ಮಾರನೇ ಬೆಳಿಗ್ಗೆ ಮಂಜು ಬಿಡುವ ಮೊದಲೇ ಎರಿಗಳನ್ನು ಎತ್ತಿ ಹೊಸ ಪೆಟ್ಟಿಗೆಗೆ ಹಾಕಿದೆ. ಏಳು ಚೌಕಟ್ಟಿನ ಪೆಟ್ಟಿಗೆ, ಒಳಗೂ ಹೊರಗೂ ಹಸಿರು ಪೇಂಟು ಬಳಿದದ್ದು. ಗಾಳಿಯಾಡಲಿ ಅಂತ ನಾಲ್ಕು ಎರಿಯನ್ನೂ ದೂರ ದೂರ ಇಟ್ಟೆ, ಬಾಗಿಲು ಪೂರ್ತಿ ತೆರೆದೆ, ಲೋಟದಲ್ಲಿ ಸಕ್ಕರೆ ಪಾಕ ಇಡಲು ಹೋಗಿ ಅರ್ಧ ಚೆಲ್ಲಿದೆ. ಮೂರನೇ ದಿನ ಹನ್ನೊಂದರ ಬಿಸಿಲಿಗೆ ಅಷ್ಟೂ ಜೇನು ಎದ್ದು ಹಲಸಿನ ಕೊಂಬೆಗೆ ಗೊಂಚಲು ಕಟ್ಟಿತು. ನಾನು ಏಣಿ ತರುವಷ್ಟರಲ್ಲಿ ಅಲ್ಲಿಂದಲೂ ಎದ್ದು ಹಳ್ಳದ ಕಡೆ ಹೋಗಿಬಿಟ್ಟಿತು.

ಪಕ್ಕದ ತೋಟದ ಅಜ್ಜ ಬಂದು ಪೆಟ್ಟಿಗೆಯೊಳಗೆ ಇಣುಕಿದರು, ಮೂಸಿ ನೋಡಿದರು. "ನಾಕ್ ಜನದ ಸಂಸಾರಕ್ಕೆ ಕಲ್ಯಾಣ ಮಂಟಪ ಕೊಟ್ಟಿದ್ದೀಯಲ್ಲೋ ಮಾರಾಯ, ಅದೂ ಪೇಂಟ್ ವಾಸ್ನೆದು. ಈ ಚಳೀಲಿ ಯಾರಿರ್ತಾರೆ?" ಅಂದರು.

ಆ ಮಾತಿನಲ್ಲಿ ಇಡೀ ವಿದ್ಯೆ ಇತ್ತು. ಬಿಡಿಸಿಕೊಳ್ಳಲು ನನಗೆ ಇನ್ನೆರಡು ವರ್ಷ ಬೇಕಾಯಿತು. ಮರಿಪೆಟ್ಟಿಗೆಯಿಂದ ದೊಡ್ಡ ಪೆಟ್ಟಿಗೆಗೆ ಜೇನನ್ನು ಇಳಿಸುವ ಕೆಲಸವನ್ನು ಈಗ ನಾನು ಒಂದೇ ಸೂತ್ರದಲ್ಲಿ ಹಿಡಿದುಕೊಂಡಿದ್ದೇನೆ: ಪೆಟ್ಟಿಗೆ ಬದಲಾಗುವ ದಿನ ಬೇರೆ ಯಾವುದೂ ಬದಲಾಗಬಾರದು. ಜಾಗ ಅದೇ, ಬಾಗಿಲಿನ ದಿಕ್ಕು ಅದೇ, ಎರಿಗಳ ಸಾಲು ಅದೇ, ಆದಷ್ಟೂ ವಾಸನೆ ಅದೇ, ಬಿಸುಪು ಅದೇ. ಉಳಿದ ವಿವರವೆಲ್ಲ ಇದನ್ನು ಪಾಲಿಸುವುದು ಹೇಗೆ ಎಂಬುದಷ್ಟೇ.

ತುಡುವೆಯ ಗುಣ

ಮೊದಲು ಯಾವ ಜೇನಿನ ಮಾತು ಎಂಬುದು ಸ್ಪಷ್ಟವಾಗಲಿ. ಯೂಟ್ಯೂಬ್‌ನಲ್ಲಿ ಬಿಳಿ ಅಂಗಿ ತೊಟ್ಟವರು ಐದು ಎರಿಯ ಪೆಟ್ಟಿಗೆಯಿಂದ ಹತ್ತು ಎರಿಯ ಪೆಟ್ಟಿಗೆಗೆ ಸಲೀಸಾಗಿ ಎತ್ತಿಡುತ್ತಾರಲ್ಲ, ಅದು ಯುರೋಪಿನ ಮೆಲ್ಲಿಫೆರಾ. ನಮ್ಮ ಮಲೆನಾಡಿನ ತೋಟಗಳಲ್ಲಿ ಸಾಕುವುದು ತುಡುವೆ. ಮೈ ಚಿಕ್ಕದು, ಸಂಸಾರ ಚಿಕ್ಕದು, ಮುನಿಸು ಮಾತ್ರ ದೊಡ್ಡದು. ಜಾಗ ಸರಿಬರಲಿಲ್ಲವೆಂದರೆ ಮೆಲ್ಲಿಫೆರಾ ಗೊಣಗಿಕೊಂಡಾದರೂ ಇರುತ್ತದೆ. ತುಡುವೆ ಮರಿ, ಮೇಣ, ತುಪ್ಪ ಎಲ್ಲ ಬಿಟ್ಟು ಪರಾರಿಯಾಗುತ್ತದೆ. ಪಾಲಾಗುವುದೇ ಬೇರೆ, ಪರಾರಿಯೇ ಬೇರೆ. ಪಾಲಾದರೆ ಅರ್ಧ ಸಂಸಾರ ಉಳಿಯುತ್ತದೆ. ಪರಾರಿಯಾದರೆ ಉಳಿಯುವುದು ನಾವು ಮತ್ತು ಖಾಲಿ ಡಬ್ಬ.

ಇನ್ನೊಂದು ವ್ಯತ್ಯಾಸ ಸಣ್ಣದೆನಿಸಿದರೂ ಕೈಕೆಲಸದಲ್ಲಿ ದೊಡ್ಡದು. ಮೆಲ್ಲಿಫೆರಾ ಮರದ ಅಂಟು ತಂದು ಸಂದುಗೊಂದು ಮೆತ್ತಿ, ಚೌಕಟ್ಟುಗಳನ್ನು ಪೆಟ್ಟಿಗೆಗೆ ಅಂಟಿಸಿಕೊಳ್ಳುತ್ತದೆ. ತುಡುವೆ ಆ ಕೆಲಸ ಮಾಡುವುದಿಲ್ಲ. ಹಾಗಾಗಿ ಚೌಕಟ್ಟುಗಳು ಸಡಿಲವಾಗಿ ಅಲ್ಲಾಡುತ್ತವೆ, ಬಡಗಿ ಬಿಟ್ಟ ಸಂದು ಹಾಗೇ ಉಳಿದು ಇರುವೆಗೂ ಮೇಣದ ಪತಂಗಕ್ಕೂ ದಾರಿಯಾಗುತ್ತದೆ. ಎರಡನ್ನೂ ನಾವೇ ನೋಡಿಕೊಳ್ಳಬೇಕು.

ಮರಿಪೆಟ್ಟಿಗೆ ಎಂದರೆ ಏನು? ಹಳೆಯ, ಬಲವಾದ ಕುಟುಂಬವೊಂದನ್ನು ಭಾಗ ಮಾಡಿ, ಮೂರೋ ನಾಲ್ಕೋ ಎರಿ, ಅವುಗಳ ಮೇಲಿನ ಹುಳು, ಒಂದು ರಾಣಿ ಇಷ್ಟನ್ನು ಬೇರೆ ಇಟ್ಟ ಕಿರಿದಾದ ಪೆಟ್ಟಿಗೆ. ಇಂಗ್ಲಿಷಿನಲ್ಲಿ ನ್ಯೂಕ್ಲಿಯಸ್ ಅನ್ನುತ್ತಾರೆ, ಮಾರುವವರ ಬಾಯಲ್ಲಿ ಅದು ನ್ಯೂಕ್. ಗೋಡೆ ಕಿರಿದಾದ್ದರಿಂದ ಕಡಿಮೆ ಹುಳುವಿದ್ದರೂ ಮರಿಗೆ ಕಾವು ಸಿಗುತ್ತದೆ. ಮರಿ ಬೆಳೆಯಲು 33ರಿಂದ 35 ಡಿಗ್ರಿ ಬಿಸಿ ಬೇಕು. ಡಿಸೆಂಬರ್ ರಾತ್ರಿ ಚಿಕ್ಕಮಗಳೂರಿನ ತೋಟಗಳಲ್ಲಿ 14–15 ಡಿಗ್ರಿ ಮಾಮೂಲು. ಆ ಇಪ್ಪತ್ತು ಡಿಗ್ರಿ ವ್ಯತ್ಯಾಸವನ್ನು ಹುಳುಗಳು ತಮ್ಮ ರೆಕ್ಕೆಯ ಸ್ನಾಯು ಅದುರಿಸಿ, ತುಪ್ಪ ಉರಿಸಿ ತುಂಬಬೇಕು. ಮರಿಪೆಟ್ಟಿಗೆಯಲ್ಲಿ ಅದು ಸಾಧ್ಯ. ನಾನು ಕೊಟ್ಟಂಥ ಕಲ್ಯಾಣ ಮಂಟಪದಲ್ಲಿ ಸಾಧ್ಯವಿಲ್ಲ.

ತರುವ ಮೊದಲು ನೋಡಬೇಕಾದ್ದು

ಕೊಡುವವರ ತೋಟದಲ್ಲೇ ಮುಚ್ಚಳ ತೆಗೆಸಿ ನೋಡಿ. ನಾಚಿಕೆ ಬೇಡ, ಹಸು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ರಾಣಿಯನ್ನು ಹುಡುಕುವುದರಲ್ಲಿ ಹೊತ್ತು ಕಳೆಯಬೇಡಿ. ತುಡುವೆ ಹುಳು ಎರಿಯ ಮೇಲೆ ನೀರು ಹರಿದಂತೆ ಓಡಾಡುತ್ತದೆ, ಆ ಗಡಿಬಿಡಿಯಲ್ಲಿ ರಾಣಿ ಕಾಣದಿರುವುದೇ ಹೆಚ್ಚು. ಮೊಟ್ಟೆ ಹುಡುಕಿ. ಬಿಸಿಲು ನಿಮ್ಮ ಭುಜದ ಮೇಲಿಂದ ಎರಿಯೊಳಕ್ಕೆ ಬೀಳುವಂತೆ ಹಿಡಿದು ಕಣಗಳ ತಳ ನೋಡಿದರೆ, ಸೂಜಿಯ ಮೊನೆಯಷ್ಟು ಬಿಳಿ ಕಡ್ಡಿ ಕಾಣುತ್ತದೆ. ಇವತ್ತು ಇಟ್ಟದ್ದು ನೆಟ್ಟಗೆ ನಿಂತಿರುತ್ತದೆ, ನಾಳೆಗೆ ವಾಲುತ್ತದೆ, ಮೂರನೇ ದಿನ ಮಲಗಿ, ಆಮೇಲೆ ಒಡೆದು ಹುಳುವಾಗುತ್ತದೆ. ನಿಂತ ಮೊಟ್ಟೆ ಕಂಡರೆ ರಾಣಿ ಇತ್ತೀಚಿನವರೆಗೂ ಅಲ್ಲಿತ್ತು, ಕೂಡಿಬಂದ ರಾಣಿಯೇ ಎಂದು ಭಾವಿಸಬಹುದು. ಕಣಕ್ಕೊಂದೇ ಮೊಟ್ಟೆ, ತಳದ ನಡುವೆ ಇರಬೇಕು. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಗೋಡೆಗೆ ಅಂಟಿಕೊಂಡ ಮೊಟ್ಟೆ ಕಂಡರೆ ರಾಣಿಯಿಲ್ಲದೆ ಕೆಲಸಗಾರ ಹುಳುಗಳೇ ಮೊಟ್ಟೆ ಇಡುತ್ತಿವೆ ಎಂಬ ಅನುಮಾನ ಪಡಬೇಕು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ರಾಣಿ ಇನ್ನೂ ಕೂಡಿಬಂದಿಲ್ಲದಿದ್ದರೆ, ಅಂದರೆ ರಾಣಿಕಣ ಒಡೆದು ಈಗಷ್ಟೇ ಹೊರಬಂದಿದ್ದರೆ, ಕಾಯಿರಿ. ಅದು ಕೆಲವು ದಿನಗಳಲ್ಲಿ ಗಂಡು ಜೇನುಗಳನ್ನು ಕೂಡಲು ಆಕಾಶಕ್ಕೆ ಹಾರುತ್ತದೆ. ಅದು ಹೊರಗೆ ಹೋಗಿದ್ದಾಗ ಪೆಟ್ಟಿಗೆ ಜರುಗಿಸಿದರೆ ತಿರುಗಿ ಮನೆ ಸಿಗುವುದಿಲ್ಲ. ಮೊಟ್ಟೆ ಕಂಡ ಮೇಲೆಯೇ ಪೆಟ್ಟಿಗೆ ಮುಟ್ಟುವುದು.

ಆಮೇಲೆ ಮರಿ. ಮುಚ್ಚಿದ ಮರಿ ಒಂದೇ ಸಮನೆ ಹರಡಿರಬೇಕು, ನಡುನಡುವೆ ಹಲ್ಲುದುರಿದ ಬಾಯಿಯಂತೆ ಇರಬಾರದು. ಮರಿಹುಳು ಮುತ್ತಿನಂತೆ ಬೆಳ್ಳಗೆ, ಸುರುಳಿಯಾಗಿ ಮಲಗಿರಬೇಕು. ನೆಟ್ಟಗೆ ಚಾಚಿಕೊಂಡು, ತಲೆ ಮೇಲೆತ್ತಿ, ಚರ್ಮದ ಚೀಲದೊಳಗೆ ನೀರು ತುಂಬಿದಂತೆ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆಯನ್ನು ಬಹುಪಾಲು ಗುಡಿಸಿಹಾಕಿದ ವೈರಸ್ ಕಾಯಿಲೆ. ನಮ್ಮ ಕಡೆ ಹಳೆ ಮನೆಗಳ ಅಟ್ಟದಲ್ಲಿ ಖಾಲಿ ಜೇನುಪೆಟ್ಟಿಗೆ ಸಿಗುತ್ತವಲ್ಲ, ಎಷ್ಟೋ ಆ ಕಾಲದವು. ಇದಕ್ಕೆ ಔಷಧಿ ಇಲ್ಲ.

ಕೊನೆಗೆ ಚೌಕಟ್ಟಿನ ಅಳತೆ. ಇದನ್ನು ಮರೆತು ಪೇಚಿಗೆ ಸಿಲುಕಿದವರೇ ಜಾಸ್ತಿ. 1910ರ ದಶಕದಲ್ಲಿ ತಿರುಚ್ಚಿರಾಪಳ್ಳಿಯಲ್ಲಿ ನ್ಯೂಟನ್ ಎಂಬ ಪಾದ್ರಿಯೊಬ್ಬರು ನಮ್ಮ ಚಿಕ್ಕ ಜೇನಿಗೆ ಹೊಂದುವ ಚಿಕ್ಕ ಪೆಟ್ಟಿಗೆ ರೂಪಿಸಿದರು, ಅದೇ ನ್ಯೂಟನ್ ಪೆಟ್ಟಿಗೆ. ಐಎಸ್‌ಐ 'ಎ' ಮಾದರಿಯದು ಅದಕ್ಕಿಂತ ಸ್ವಲ್ಪ ದೊಡ್ಡ ಚೌಕಟ್ಟು. ಹೊರನೋಟಕ್ಕೆ ಎರಡೂ ಒಂದೇ. ಟೇಪು ಹಿಡಿದು ಮೇಲ್ಪಟ್ಟಿಯ ಉದ್ದ, ಚೌಕಟ್ಟಿನ ಆಳ ಎರಡನ್ನೂ ಅಳೆದು, ನಿಮ್ಮ ಪೆಟ್ಟಿಗೆಯ ಅಳತೆಯೊಂದಿಗೆ ಹೋಲಿಸಿ. ಅಳತೆ ಕೂಡದಿದ್ದರೆ ಎತ್ತಿಡುವ ಕೆಲಸ ಕತ್ತರಿಸಿ ಕಟ್ಟುವ ಕೆಲಸವಾಗುತ್ತದೆ. ಅದರ ಪಾಡು ಮುಂದೆ ಹೇಳುತ್ತೇನೆ.

ಅಳತೆಗೆ ಇಷ್ಟು ಮಹತ್ವ ಯಾಕೆಂದರೆ ಆಧುನಿಕ ಜೇನುಪೆಟ್ಟಿಗೆ ನಿಂತಿರುವುದೇ ಒಂದು ಸಂದಿನ ಮೇಲೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಕಂಡುಕೊಂಡದ್ದು ಇಷ್ಟು: ಒಂದು ನಿರ್ದಿಷ್ಟ ಅಗಲದ ಸಂದಿಯನ್ನು ಜೇನು ಓಡಾಡುವ ದಾರಿಯಾಗಿ ಬಿಟ್ಟುಬಿಡುತ್ತದೆ. ಅದಕ್ಕಿಂತ ಅಗಲವಿದ್ದರೆ ಅಲ್ಲಿ ಎರಿ ಕಟ್ಟುತ್ತದೆ, ಕಿರಿದಾದರೆ ಮೆಲ್ಲಿಫೆರಾ ಅಂಟಿನಿಂದ ಮುಚ್ಚಿಹಾಕುತ್ತದೆ. ತುಡುವೆಗೆ ಅದು ಸುಮಾರು 8 ಮಿಲಿಮೀಟರ್. ಹೆಚ್ಚುಕಡಿಮೆ ನಮ್ಮ ಕಿರುಬೆರಳ ತುದಿ ತೂರುವಷ್ಟು.

ಜಾಗದ ನೆನಪು

ಜೇನಿಗೆ ಪೆಟ್ಟಿಗೆಯ ಗುರುತಿಗಿಂತ ಜಾಗದ ಗುರುತು ಹೆಚ್ಚು. ಮಧ್ಯಾಹ್ನ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಮೊದಲ ಸಲ ಹೊರಬರುವ ಎಳೆ ಹುಳು ನೇರ ಹಾರಿಹೋಗುವುದಿಲ್ಲ. ಬಾಗಿಲಿಗೆ ಮುಖ ತಿರುಗಿಸಿ, ಉಯ್ಯಾಲೆಯಂತೆ ಎಡಕ್ಕೆ ಬಲಕ್ಕೆ ತೂಗುತ್ತಾ, ಸುತ್ತು ದೊಡ್ಡದು ಮಾಡುತ್ತಾ ಮೇಲೇರುತ್ತದೆ. ಅದು ಪಾಠ ಕಲಿಯುತ್ತಿರುತ್ತದೆ: ಈ ಸಿಲ್ವರ್ ಓಕಿನ ಬುಡ, ಆ ಮೆಣಸಿನ ಬಳ್ಳಿ, ಇಲ್ಲಿಂದ ಇಷ್ಟು ಕೆಳಗೆ ಬಾಗಿಲು. ಈ ನೆನಪು ಎಷ್ಟು ಗಟ್ಟಿಯೆಂದರೆ ಪೆಟ್ಟಿಗೆಯನ್ನು ಹತ್ತಡಿ ಆಚೆ ಇಟ್ಟರೂ ಮೇಯಲು ಹೋದ ಹುಳು ಹಳೇ ಜಾಗಕ್ಕೇ ಬಂದು ಗಾಳಿಯಲ್ಲಿ ಬಾಗಿಲು ಹುಡುಕುತ್ತದೆ.

ಇದರಿಂದ ಎರಡು ವಿಷಯ ಹೊರಡುತ್ತವೆ. ಬೇರೆ ಊರಿನಿಂದ, ಮೂರು ನಾಲ್ಕು ಕಿಲೋಮೀಟರಿಗಿಂತ ದೂರದಿಂದ ತಂದರೆ ತೊಂದರೆ ಇಲ್ಲ. ತುಡುವೆ ಸಾಮಾನ್ಯವಾಗಿ ಅಷ್ಟು ದೂರ ಮೇಯುವುದಿಲ್ಲ, ಹೊಸ ಜಾಗದಲ್ಲಿ ಕಂಡದ್ದೆಲ್ಲ ಹೊಸದಾದ್ದರಿಂದ ಮತ್ತೆ ಪಾಠ ಕಲಿಯುತ್ತದೆ. ನಿಮ್ಮದೇ ತೋಟದ ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವುದೇ ಕಷ್ಟ. ದಿನಕ್ಕೆ ಒಂದೆರಡು ಅಡಿಯಂತೆ ಜರುಗಿಸಬೇಕು, ಇಲ್ಲವೇ ನೆಂಟರ ತೋಟಕ್ಕೆ ಕಳಿಸಿ ಎರಡು ಮೂರು ವಾರ ಬಿಟ್ಟು ತರಿಸಬೇಕು. ನೆಂಟರು ತುಪ್ಪ ತೆಗೆದುಕೊಂಡು ವಾಪಸು ಕೊಟ್ಟರೆ ನಾನು ಜವಾಬ್ದಾರನಲ್ಲ.

ಎರಡನೆಯದು, ದೊಡ್ಡ ಪೆಟ್ಟಿಗೆ ಕೊನೆಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ಮೊದಲು ಮರಿಪೆಟ್ಟಿಗೆ ಇಡಬೇಕು. ಅದೇ ಸ್ಟ್ಯಾಂಡಿನ ಮೇಲೆ, ಬಾಗಿಲು ಅದೇ ದಿಕ್ಕಿಗೆ, ಆದಷ್ಟೂ ಅದೇ ಎತ್ತರಕ್ಕೆ. ಜಾಗ ಆರಿಸುವಾಗ ಬೆಳಗಿನ ಬಿಸಿಲು ಬಾಗಿಲಿಗೆ ಬೀಳಲಿ, ಮಧ್ಯಾಹ್ನಕ್ಕೆ ನೆರಳಿರಲಿ, ಮಳೆಗಾಲದ ಪಡುವಣ ಗಾಳಿ ಬಾಗಿಲಿಗೆ ಹೊಡೆಯದಿರಲಿ. ನವೆಂಬರಿನಿಂದ ಜನವರಿವರೆಗೆ ಕಾಫಿ ಕೊಯ್ಲಿನ ಆಳುಗಳು ಓಡಾಡುವ ದಾರಿಗೆ ಬಾಗಿಲು ಎದುರಾಗಬಾರದು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಬೇಕೇ ಬೇಕು. ಬಟ್ಟಲಿಟ್ಟು ನಿಶ್ಚಿಂತೆಯಿಂದ ಇದ್ದಾಗ ಮೇಲಿನ ಕಾಫಿ ರೆಂಬೆಯೊಂದು ಮುಚ್ಚಳಕ್ಕೆ ತಾಗಿ, ಅದರ ಮೇಲೆ ಚಗಳಿ ಎಂಬ ಕೆಂಪಿರುವೆ ಇಳಿದು ಬಂದದ್ದನ್ನು ಕಂಡಿದ್ದೇನೆ. ಚಗಳಿ ಚಟ್ನಿಗೆ ಚೆಂದ, ಜೇನುಪೆಟ್ಟಿಗೆಗಲ್ಲ. ರೆಂಬೆ ಸವರಿ. ಕೋತಿ ಕಾಟವಿದ್ದರೆ ಮುಚ್ಚಳದ ಮೇಲೊಂದು ಕಲ್ಲು, ಸುತ್ತ ಹಗ್ಗ.

ಸಾಗಣೆ ಸಂಜೆಗತ್ತಲಲ್ಲಿ, ಹುಳುವೆಲ್ಲ ಒಳಬಂದ ಮೇಲೆ. ಬಾಗಿಲಿಗೆ ತಂತಿಜಾಲರಿ ಬಿಗಿಯಿರಿ, ಬಟ್ಟೆ ತುರುಕಬೇಡಿ, ಉಸಿರು ಕಟ್ಟುತ್ತದೆ. ಚೌಕಟ್ಟು ಅಲ್ಲಾಡದಂತೆ ಕೊನೆಯಲ್ಲಿ ಮಡಚಿದ ರಟ್ಟು ಸಿಗಿಸಿ. ಅಂಟಿಲ್ಲದ ತುಡುವೆಯ ಎರಿಗಳು ನಮ್ಮ ಎಸ್ಟೇಟ್ ರಸ್ತೆಯ ಗುಂಡಿಗಳಲ್ಲಿ ಒಂದಕ್ಕೊಂದು ಬಡಿದು ನಡುವೆ ಸಿಕ್ಕ ರಾಣಿ ಅಪ್ಪಚ್ಚಿಯಾಗುವುದು ಕಥೆಯಲ್ಲ. ಗಾಡಿ ಹೋಗುವ ದಿಕ್ಕಿಗೆ ಎರಿಗಳು ಉದ್ದುದ್ದ ಇರುವಂತೆ ಪೆಟ್ಟಿಗೆ ಇಡಿ. ಆಗ ಬ್ರೇಕು ಒತ್ತಿದರೂ ಎರಿ ಎರಿಗೆ ಬಡಿಯುವುದಿಲ್ಲ.

ಮನೆಗೆ ತಂದು ಸ್ಟ್ಯಾಂಡಿನ ಮೇಲಿಟ್ಟು, ಅರ್ಧ ಗಂಟೆ ಬಿಟ್ಟು ಜಾಲರಿ ತೆಗೆದು, ಮಲಗಲು ಹೋಗಿ. ಮೂರರಿಂದ ಐದು ದಿನ ಮುಟ್ಟಬೇಡಿ. ಎಲ್ಲರೂ ಎಡವುವುದು ಈ ಐದು ದಿನದಲ್ಲೇ.

ಪೆಟ್ಟಿಗೆಯ ವಾಸನೆ

ಆ ಐದು ದಿನದಲ್ಲಿ ಮಾಡುವ ಕೆಲಸ ದೊಡ್ಡ ಪೆಟ್ಟಿಗೆಯದು. ಜೇನಿನ ಲೋಕದಲ್ಲಿ ವಾಸನೆಯೇ ಆಧಾರ್ ಕಾರ್ಡು. ಗೂಡಿನೊಳಗೆ ಕತ್ತಲೆ, ಕಣ್ಣಿಗೆ ಕೆಲಸವಿಲ್ಲ. ರಾಣಿ ಇದೆ, ಮರಿ ಇದೆ, ಇದು ನಮ್ಮ ಮನೆ ಎಂಬ ಸುದ್ದಿಯೆಲ್ಲ ವಾಸನೆಯಲ್ಲೇ ಓಡಾಡುತ್ತದೆ. ಒಳಗೆ ಪೇಂಟ್, ವಾರ್ನಿಷ್, ಗೆದ್ದಲು ಔಷಧಿ ಏನೂ ಇರಬಾರದು. ಹೊರಗೆ ಬಳಿದಿದ್ದರೂ, ಜೇನು ತರುವ ಮೊದಲೇ ಎರಡು ಮೂರು ವಾರ ಬಿಸಿಲು ಗಾಳಿಗೆ ಇಟ್ಟಿರಬೇಕು. ಒಳಗೋಡೆಗೆ, ಚೌಕಟ್ಟಿನ ಮೇಲ್ಪಟ್ಟಿಯ ಅಡಿಗೆ ಕರಗಿಸಿದ ಜೇನುಮೇಣ ತಿಕ್ಕಿ. ಹಳೆಯ, ಕಾಯಿಲೆ ಬರದ ಕುಟುಂಬ ಇದ್ದ ಪೆಟ್ಟಿಗೆ ಸಿಕ್ಕರೆ ಹೊಸದಕ್ಕಿಂತ ಅದೇ ಮೇಲು. ಬೆಂಕಿಯ ಜ್ವಾಲೆಯಲ್ಲಿ ಒಳಗೋಡೆಯನ್ನು ಲಘುವಾಗಿ ಸುಟ್ಟು ಮೇಣದ ಪತಂಗದ ಮೊಟ್ಟೆ ಕೊಂದು ಬಳಸಬಹುದು.

ಇಳಿಸುವ ದಿನ

ಬೆಳಿಗ್ಗೆ ಮಂಜು ಬಿಟ್ಟು ಬಿಸಿಲು ಕಾಯಬೇಕು. ನಮ್ಮ ಕಡೆ ಹತ್ತೂವರೆ ಹನ್ನೊಂದು. ಮೇಯುವ ಹುಳು ಹೊರಗಿರುವುದರಿಂದ ಒಳಗೆ ಗದ್ದಲ ಕಡಿಮೆ, ಬೆಚ್ಚಗಿರುವುದರಿಂದ ತೆರೆದ ಮರಿ ತಣ್ಣಗಾಗುವುದಿಲ್ಲ. ಹೊರಗೆ ಹೋದ ಹುಳು ಅದೇ ಜಾಗಕ್ಕೆ ಬಂದಾಗ ಪೆಟ್ಟಿಗೆ ಬೇರೆ, ಆದರೆ ವಾಸನೆ ತಮ್ಮದೇ. ಸ್ವಲ್ಪ ಹೊತ್ತು ಗೊಂದಲ, ಆಮೇಲೆ ಒಳಗೆ.

ಹೊಗೆಡಬ್ಬಿಗೆ ಒಣ ಅಡಿಕೆ ಸಿಪ್ಪೆ ಅಥವಾ ಹಳೆ ಗೋಣಿ ತುಂಡು. ಹೊಗೆ ತಣ್ಣಗಿರಬೇಕು, ಬಾಗಿಲಿಗೆ ಎರಡು ಉಸಿರು, ಮುಚ್ಚಳದಡಿಗೆ ಒಂದು. ಹೆಚ್ಚು ಊದಿದರೆ ತುಡುವೆ ಶಾಂತವಾಗುವುದಿಲ್ಲ, ಎರಿ ಬಿಟ್ಟು ಓಡುತ್ತದೆ. ಸಿನಿಮಾದಲ್ಲಿ ದೆವ್ವ ಬರುವಷ್ಟು ಹೊಗೆ ಬೇಡ.

ಮರಿಪೆಟ್ಟಿಗೆಯನ್ನು ಸ್ಟ್ಯಾಂಡಿನಿಂದ ಎತ್ತಿ ಒಂದಡಿ ಪಕ್ಕಕ್ಕೆ ಇಡಿ. ಅದಿದ್ದ ಜಾಗದಲ್ಲಿ ದೊಡ್ಡ ಪೆಟ್ಟಿಗೆ. ಈಗ ಮರಿಪೆಟ್ಟಿಗೆಯ ಅಂಚಿನ ಚೌಕಟ್ಟನ್ನು ಮೊದಲು ತೆಗೆಯಿರಿ, ನಡುವಿನದ್ದಲ್ಲ. ಅಂಚಿನದು ಬಂದರೆ ಉಳಿದವುಗಳನ್ನು ಸರಿಸಲು ಜಾಗವಾಗುತ್ತದೆ, ರಾಣಿ ಉಜ್ಜಿಹೋಗುವುದಿಲ್ಲ. ಎತ್ತಿದ ಚೌಕಟ್ಟು ಸದಾ ಪೆಟ್ಟಿಗೆಯ ಮೇಲೇ ಇರಲಿ. ಬಿದ್ದರೆ ರಾಣಿ ಒಳಗೆ ಬೀಳಲಿ, ಹುಲ್ಲಿಗೆ ಬೇಡ. ಎರಿಯ ಇನ್ನೊಂದು ಮುಖ ನೋಡಬೇಕೆಂದರೆ ತಟ್ಟೆಯಂತೆ ಮಲಗಿಸಬಾರದು. ಬಿಸಿಲಿಗೆ ಮೆದುವಾದ ಹೊಸ ಮೇಣ ತುಪ್ಪದ ಭಾರಕ್ಕೆ ಮುರಿದು ಕೈಗೆ ಬರುತ್ತದೆ. ಮೇಲ್ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲು ತಿರುಗಿಸಿದಂತೆ ತಿರುಗಿಸಿ, ಮತ್ತೆ ಅಡ್ಡಕ್ಕೆ ತನ್ನಿ.

ಸಾಲು ಕೆಡಿಸಬೇಡಿ. ಜೇನುಗೂಡನ್ನು ಎರಿ ಎರಿಯಾಗಿ ನೋಡುವುದಕ್ಕಿಂತ ಒಂದು ಚೆಂಡಿನಂತೆ ನೋಡಿ. ಚೆಂಡಿನ ನಡುವೆ ಮರಿ, ಮರಿಯ ಸುತ್ತ ಪರಾಗದ ಪಟ್ಟಿ, ಅದರಾಚೆ ಮತ್ತು ಮೇಲೆ ತುಪ್ಪ. ಎರಿಗಳು ಆ ಚೆಂಡನ್ನು ಈರುಳ್ಳಿ ಹೆಚ್ಚಿದಂತೆ ಬಿಲ್ಲೆ ಮಾಡಿದ ಚೂರುಗಳು. ಒಂದನ್ನು ಅದಲುಬದಲು ಮಾಡಿದರೆ ಚೆಂಡು ಒಡೆಯುತ್ತದೆ, ಮರಿಯ ಪಕ್ಕ ಮರಿಯ ಕಾವು ಇಲ್ಲವಾಗುತ್ತದೆ. 1, 2, 3, 4 ಎಂದು ಬಂದದ್ದು 1, 2, 3, 4 ಎಂದೇ ಹೋಗಲಿ, ಬಾಗಿಲ ಕಡೆಗಿದ್ದ ತುದಿ ಬಾಗಿಲ ಕಡೆಗೇ ಇರಲಿ. ನಾಲ್ಕನ್ನೂ ಒತ್ತೊತ್ತಾಗಿ ಒಂದು ಗೋಡೆಯ ಕಡೆ ಸೇರಿಸಿ, ಅದರ ಪಕ್ಕಕ್ಕೆ ಡಮ್ಮಿ ಹಲಗೆ, ಅಂದರೆ ಚೌಕಟ್ಟಿನ ಜಾಗದಲ್ಲಿ ಗೋಡೆಯಂತೆ ನಿಲ್ಲುವ ಬರೀ ಹಲಗೆ ಹಾಕಿ. ಏಳು ಎರಿಯ ಮನೆಯೊಳಗೆ ನಾಲ್ಕು ಎರಿಯ ಕೋಣೆ ಸಿದ್ಧ. ಮೇಲೆ ಮಡಚಿದ ಗೋಣಿ. ಬಾಗಿಲನ್ನು ಎರಡು ಬೆರಳಗಲಕ್ಕೆ ಕಿರಿದು ಮಾಡಿ.

ಮರಿಪೆಟ್ಟಿಗೆಯಲ್ಲಿ ಉಳಿದ ಹುಳುವನ್ನು ಕೊಡವುವ ಮೊದಲು ಮೂಲೆಗಳನ್ನು ನೋಡಿ. ಒಂದು ಕಡೆ ಹಿಡಿಯಷ್ಟು ಹುಳು ಮುದ್ದೆಯಾಗಿ ಕೂತಿದ್ದರೆ ಅದರೊಳಗೆ ರಾಣಿ ಇರಬಹುದು. ಬಾಗಿಲಿಗೆ ಇಳಿಜಾರಾಗಿ ಹಲಗೆ ಆನಿಸಿ, ಬಿಳಿ ಪಂಚೆ ಹಾಸಿ, ಅದರ ಮೇಲೆ ಕೊಡವಿ. ಅವು ಮೆರವಣಿಗೆಯಂತೆ ನಡೆದು ಒಳಗೆ ಹೋಗುವುದನ್ನು ನೋಡಲು ಮಕ್ಕಳನ್ನು ಕರೆಯಿರಿ, ದೂರದಿಂದ. ಕೆಲವು ಹುಳು ಬಾಗಿಲಲ್ಲಿ ನಿಂತು, ಹಿಂಭಾಗ ಮೇಲೆತ್ತಿ, ರೆಕ್ಕೆ ಬೀಸಲು ಶುರುಮಾಡುತ್ತವೆ. "ಇಲ್ಲೇ ಬನ್ನಿ, ರಾಣಿ ಇಲ್ಲಿದೆ" ಎಂಬ ವಾಸನೆಯನ್ನು ಗಾಳಿಗೆ ಬಿಡುವ ಕೆಲಸ ಅದು. ಅದನ್ನು ಕಂಡರೆ ನಿಮ್ಮ ಕೆಲಸ ಮುಗಿಯಿತು.

ಚುಚ್ಚಿಸಿಕೊಂಡರೆ ಮುಳ್ಳನ್ನು ಚಿವುಟಬೇಡಿ, ಉಗುರಿನಿಂದ ಕೆರೆದು ತೆಗೆಯಿರಿ. ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ, ಅದು ಉಳಿದವಕ್ಕೆ ಯುದ್ಧದ ಕಹಳೆ. ಆ ಜಾಗಕ್ಕೆ ಸ್ವಲ್ಪ ಹೊಗೆ ಹಿಡಿಯಿರಿ. ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ತಲೆಸುತ್ತು ಬಂದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ.

ಅಳತೆ ಕೂಡದಾಗ

ಚೌಕಟ್ಟು ಹೊಂದದಿದ್ದರೆ, ಅಥವಾ ಜೇನು ಗೋಡೆ ಬಿರುಕಿನಿಂದಲೋ ಮರದ ಪೊಟರೆಯಿಂದಲೋ ಬಂದದ್ದಾದರೆ, ಎರಿ ಕತ್ತರಿಸಿ ಹೊಸ ಚೌಕಟ್ಟಿಗೆ ಕಟ್ಟಬೇಕು. ಇದಕ್ಕೆ ಸಂಜೆ ನಾಲ್ಕರ ಮೇಲಿನ ಹೊತ್ತು ಒಳ್ಳೆಯದು, ತುಪ್ಪದ ವಾಸನೆಗೆ ಬೇರೆ ಗೂಡಿನ ಕಳ್ಳಹುಳು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮರಿಯಿರುವ ಎರಿಯನ್ನಷ್ಟೇ ಕಟ್ಟಿ. ತುಪ್ಪದ ಭಾಗ ಕತ್ತರಿಸಿ ತೆಗೆದುಬಿಡಿ, ಸೋರಿ ಇರುವೆ ಕರೆಯುತ್ತದೆ. ಕಟ್ಟಲು ಒದ್ದೆ ಬಾಳೆನಾರಿನಷ್ಟು ಒಳ್ಳೆಯದು ಬೇರೆ ಇಲ್ಲ. ಹುಳುಗಳು ಎರಿಯನ್ನು ಮೇಲ್ಪಟ್ಟಿಗೆ ಬೆಸೆದ ಮೇಲೆ ನಾರನ್ನು ತಾವೇ ಕಡಿದು ಬಾಗಿಲಾಚೆ ಎಳೆದು ಹಾಕುತ್ತವೆ. ನಾಲ್ಕೈದು ದಿನಕ್ಕೆ ಪೆಟ್ಟಿಗೆ ಮುಂದೆ ನಾರಿನ ಚೂರು ಬಿದ್ದಿದ್ದರೆ ಅದೇ ಶುಭಸೂಚನೆ. ಎರಿಯ ಮೇಲು ಕೆಳಗು ತಿರುವುಮುರುವಾಗಬಾರದು. ಕಣಗಳು ಅಡ್ಡಕ್ಕೆ ಇದ್ದಂತೆ ಕಂಡರೂ ಬಾಯಿ ತುಸು ಮೇಲಕ್ಕಿರುತ್ತದೆ. ತಲೆಕೆಳಗಾದರೆ ಅದೇ ಬಾಯಿ ಕೆಳಕ್ಕೆ.

ಆಮೇಲಿನ ಹದಿನೈದು ದಿನ

ರಾಣಿ ಹೊರಹೋಗದಂತೆ ತಡೆಯುವ ಗೇಟನ್ನು ಬಾಗಿಲಿಗೆ ಹಾಕುವ ರೂಢಿ ಇದೆ. ಕೆಲಸಗಾರ ಹುಳು ತೂರಬಹುದು, ರಾಣಿಯ ಎದೆ ತೂರದು. ರಾಣಿ ಹೊರಡದೆ ಸಂಸಾರ ಹೊರಡುವುದಿಲ್ಲ. ಒಳ್ಳೆಯ ಉಪಾಯವೇ. ಆದರೆ ಐದಾರು ದಿನಕ್ಕಿಂತ ಜಾಸ್ತಿ ಬೇಡ. ಗಂಡು ಜೇನು ಒಳಗೆ ಸಿಕ್ಕಿಕೊಳ್ಳುತ್ತದೆ, ಕಾಲಿಗೆ ಪರಾಗ ಹೊತ್ತು ಬಂದವು ಗೇಟಿನಲ್ಲಿ ಉಜ್ಜಿ ಅರ್ಧ ಉದುರಿಸಿಕೊಳ್ಳುತ್ತವೆ. ನನ್ನ ಮಟ್ಟಿಗೆ ಗೇಟಿಗಿಂತ ದೊಡ್ಡ ಬೀಗ ಎಳೆ ಮರಿ. ಹಸಿದ ಮರಿ ಎರಿಯ ತುಂಬ ಇರುವಾಗ ತುಡುವೆ ಸುಲಭಕ್ಕೆ ಎದ್ದುಹೋಗುವುದಿಲ್ಲ. ಹಾಗಾಗಿಯೇ ಮೊಟ್ಟೆ, ಎಳೆ ಮರಿ ಧಾರಾಳ ಇರುವ ನ್ಯೂಕ್ ಆರಿಸಿ ಎಂದದ್ದು.

ಸಕ್ಕರೆ ಪಾಕ ಸಮ ಸಮ: ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ಸಂಜೆ ಹುಳು ಒಳಸೇರಿದ ಮೇಲೆ ಡಮ್ಮಿ ಹಲಗೆಯಾಚೆ ಒಂದು ಕರಟದಲ್ಲಿ ಇಟ್ಟು, ಮುಳುಗದಂತೆ ಒಣಹುಲ್ಲಿನ ನಾಲ್ಕು ಕಡ್ಡಿ ತೇಲಿಬಿಡಿ. ಒಂದು ತೊಟ್ಟೂ ಹೊರಗೆ ಚೆಲ್ಲಬಾರದು. ಬೆಲ್ಲದ ಪಾಕ ಬೇಡ, ಹೊಟ್ಟೆ ಕೆಡುತ್ತದೆ.

ಮುಚ್ಚಳ ತೆಗೆಯುವ ಆಸೆ ತಡೆದುಕೊಂಡು ಬಾಗಿಲನ್ನು ನೋಡಿ. ಎರಡನೇ ಮೂರನೇ ದಿನ ಹಿಂಗಾಲಿಗೆ ಹಳದಿ ಉಂಡೆ ಅಂಟಿಸಿಕೊಂಡು ಹುಳು ಬರುತ್ತಿದ್ದರೆ ಒಳಗೆ ಮರಿ ಸಾಕುತ್ತಿದ್ದಾವೆ ಎಂದರ್ಥ. ಪರಾಗ ಬರುವುದು ನಿಂತು, ಹುಳು ಸುಮ್ಮನೆ ಒಳಹೊರಗೆ ಅಡ್ಡಾಡುತ್ತಾ ಬಾಗಿಲಲ್ಲಿ ಗುಂಪು ಕೂತರೆ ಅದು ಗಂಟುಮೂಟೆ ಕಟ್ಟುವ ಲಕ್ಷಣ. ಆಗ ತಡಮಾಡದೆ ನೋಡಿ: ಇರುವೆಯೇ, ಬಿಸಿಲೇ, ಹಸಿವೇ, ಕಡಜದ ಕಾಟವೇ? ಇನ್ನೊಂದು ಕುಟುಂಬ ಇದ್ದರೆ ಅದರಿಂದ ಎಳೆ ಮರಿಯ ಒಂದು ಎರಿ ತಂದು ಕೊಡಿ. ಹಲವು ಸಲ ಇದೊಂದೇ ಸಾಕು.

ವಾರ ಕಳೆದ ಮೇಲೆ ಒಮ್ಮೆ ತೆರೆದು ಮೊಟ್ಟೆ ನೋಡಿ. ಅಡಿಹಲಗೆಯ ಮೇಣದ ಪುಡಿ ಗುಡಿಸಿ. ತುಡುವೆ ಹಳೆ ಎರಿ ಕಡಿದು ಕೆಳಗೆ ಹಾಕುತ್ತದೆ, ಮೇಣದ ಪತಂಗದ ಹುಳ ಹುಟ್ಟುವುದು ಆ ಕಸದಲ್ಲೇ. ನಾಲ್ಕೂ ಎರಿ ಹುಳುವಿನಿಂದ ಮುಚ್ಚಿದ್ದು, ಹುಳು ಡಮ್ಮಿ ಹಲಗೆಯಾಚೆಗೂ ಕಾಲಿಟ್ಟಿದ್ದರೆ ಮಾತ್ರ ಐದನೇ ಚೌಕಟ್ಟು. ಚಳಿ ಇರುವವರೆಗೆ ಅದನ್ನು ಮರಿಯ ನಡುವೆ ತೂರಿಸದೆ, ಕೊನೆಯ ಮರಿ ಎರಿಗೂ ಅಂಚಿನ ತುಪ್ಪದ ಎರಿಗೂ ಮಧ್ಯೆ ಕೊಡಿ. ಹೀಗೆ ಒಂದೊಂದೇ.

ಹೂಮಳೆಯ ಲೆಕ್ಕ

ಇಷ್ಟೆಲ್ಲ ನವೆಂಬರಿನಲ್ಲೇ, ದೀಪಾವಳಿಯ ಆಸುಪಾಸಿನಲ್ಲೇ ಆಗಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಕಾಫಿ ಹೂವು. ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಹೂವು ಬಾಡುತ್ತದೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಹಾಗಾಗಿ ಮೂಡಿಗೆರೆ, ಸಕಲೇಶಪುರದ ರೋಬಸ್ಟಾ ತೋಟಕ್ಕೆ ಜೇನಿನಿಂದ ತುಪ್ಪಕ್ಕಿಂತ ದೊಡ್ಡ ಲಾಭ ಕಾಯಿಯಲ್ಲಿದೆ. ಆದರೆ ಆ ಮೂರು ದಿನಕ್ಕೆ ಮೇಯುವ ಹುಳು ಸಿದ್ಧವಿರಬೇಕು.

ಲೆಕ್ಕ ಹಿಂದಕ್ಕೆ ಹಾಕಿ. ಮೊಟ್ಟೆ ಇಟ್ಟ ದಿನದಿಂದ ಹುಳು ಹೊರಬರಲು ಸುಮಾರು 20 ದಿನ. ಹೊರಬಂದ ಹುಳು ಮೊದಲ ಎರಡು ಮೂರು ವಾರ ಮನೆಗೆಲಸ ಮಾಡಿ, ಅಂದರೆ ಕಣ ತೊಳೆದು, ಮರಿಗೆ ಉಣಿಸಿ, ಮೇಣ ಕಟ್ಟಿ, ಆಮೇಲಷ್ಟೇ ಹೊಲಕ್ಕೆ ಹೋಗುತ್ತದೆ. ಒಟ್ಟು ಸುಮಾರು 40 ದಿನ. ಮಾರ್ಚ್ ಮೊದಲ ವಾರ ಹೂವು ಅರಳುವುದಾದರೆ ಆ ಹುಳುವಿನ ಮೊಟ್ಟೆ ಜನವರಿ ಮೂರನೇ ವಾರದಲ್ಲೇ ಬಿದ್ದಿರಬೇಕು. ಅಷ್ಟು ಮೊಟ್ಟೆ ಇಡಲು ಆರೇಳು ಎರಿ ತುಂಬಿರಬೇಕು. ನಾಲ್ಕರಿಂದ ಏಳಕ್ಕೆ ಏರಲು ಡಿಸೆಂಬರ್ ಪೂರ್ತಿ ಬೇಕು. ಫೆಬ್ರವರಿಯಲ್ಲಿ ನ್ಯೂಕ್ ತಂದವರು ಹೂವಿನ ತುಪ್ಪವನ್ನು ಮರಿ ಸಾಕಲು ಖರ್ಚು ಮಾಡಿಸಿ, ಮೇ ತಿಂಗಳಲ್ಲಿ ಖಾಲಿ ಎರಿ ನೋಡುತ್ತಾರೆ.

ಏಳೂ ಎರಿ ತುಂಬುವ ಹೊತ್ತಿಗೆ ಇನ್ನೊಂದು ತಲೆನೋವು. ಎರಿಯ ಕೆಳಅಂಚಿನಲ್ಲಿ ಮುಚ್ಚಳದ ನಡುವೆ ಸಣ್ಣ ತೂತಿರುವ ಕಣಗಳು ಕಾಣಿಸುತ್ತವೆ, ಅವು ಗಂಡು ಮರಿಯವು. ಅವುಗಳ ಹಿಂದೆಯೇ ಕಡಲೆಕಾಯಿಯಂತೆ ಜೋತಾಡುವ ರಾಣಿಕಣ. ಪಾಲಾಗಲು ತಯಾರಿ ಎಂದರ್ಥ. ವಾರಕ್ಕೊಮ್ಮೆ ನೋಡಿ ಚಿವುಟಬೇಕು, ಅಥವಾ ಒಂದೆರಡು ರಾಣಿಕಣವಿರುವ ಎರಿಯನ್ನೇ ತೆಗೆದು ಮತ್ತೊಂದು ಮರಿಪೆಟ್ಟಿಗೆ ಮಾಡಬೇಕು. ತುಪ್ಪದ ಕೋಣೆಯನ್ನು ಹೂಮಳೆಗೆ ಮೊದಲೇ ಮೇಲೆ ಕೂರಿಸಿ. ಅಕ್ಕಪಕ್ಕದ ತೋಟದವರಿಗೆ ಒಂದು ಮಾತು ಹೇಳಿ ಬನ್ನಿ, ಹೂವಿರುವ ದಿನಗಳಲ್ಲಿ ಔಷಧಿ ಹೊಡೆಯದಿರಲಿ ಅಂತ. ಬರುವಾಗ ಕಳೆದ ವರ್ಷದ ಒಂದು ಬಾಟಲಿ ತುಪ್ಪ ಕೊಟ್ಟರೆ ಮಾತಿಗೆ ತೂಕ ಬರುತ್ತದೆ.

ಖಾಲಿಯಾದ ಮರಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಡಿ. ಅದರೊಳಗೆ ಮೇಣದ, ಮರಿಯ ವಾಸನೆ ಇನ್ನೂ ಇದೆ. ಬಾಗಿಲು ಬಿಟ್ಟು, ಮುಚ್ಚಳಕ್ಕೆ ಕಲ್ಲು ಹೇರಿ, ಆಳೆತ್ತರದಲ್ಲಿ ಒಂದು ಕವಲಿಗೆ ಕಟ್ಟಿ. ನನ್ನದನ್ನು ಅದೇ ಹಲಸಿನ ಮರಕ್ಕೆ ಕಟ್ಟಿದ್ದೆ. ಸಂಕ್ರಾಂತಿಯ ಮಾರನೇ ದಿನ ನೋಡಿದರೆ ಹತ್ತಾರು ಹುಳು ಬಾಗಿಲಲ್ಲಿ ಒಳಹೊರಗೆ ಮಾಡುತ್ತಾ ಮನೆ ನೋಡುತ್ತಿದ್ದವು. ಮೂರು ದಿನ ಬಿಟ್ಟು ಇಡೀ ಸಂಸಾರ ಬಂದು ಕೂತಿತು, ಕಾಸು ಕೊಡದೆ.